ಭಟ್ಟಿಯ ಗೋಡೆಗೆ ತೂಗಿದ ಕೋವಿ

ನಮ್ಮೂರಿನಲ್ಲಿ ಸೋಮವಾರ ಬೆಳಗಾಗುವುದು ಗಂಟೆಗಳಿಂದ. ಊರಿನ ಪಡುವಲಿಗೆ ಭೂಮಿ ಸೀಳಿಕೊಂಡಂತೆ ಒಂದು ಆಳವಾದ ಕೊರಕಲು, ಅದರಾಚೆ ಎದುರುಗುಡ್ಡ, ಆ ಗುಡ್ಡದ ಬಂಡೆಯ ತುಂಬ ಕಂಚಿನ ಗಂಟೆಗಳು. ಹದಿನಾರು ತುಂಬಿದ ಪ್ರತಿಯೊಬ್ಬರಿಗೂ ಅಲ್ಲೊಂದು ಗಂಟೆ ಉಂಟು. ಅಂಗೈಯಗಲದ್ದು, ಒಣಗಿದ ಎಲೆಯಷ್ಟು ತೆಳು. ಬೆಳಕು ಹರಿದು ಬಿಸಿಲು ಇನ್ನೂ ಬಂಡೆಗೆ ತಾಗದ ಆ ನಸುಕಿನಲ್ಲಿ ಊರವರೆಲ್ಲ ಕೊರಕಲಿನ ಈಚೆಯ ಕಲ್ಲುಕಟ್ಟೆಯ ಮೇಲೆ ಸರದಿ ನಿಂತು, ತಂತಮ್ಮ ಗಾಳಿಕೋವಿಯಿಂದ ತಂತಮ್ಮ ಗಂಟೆಗೆ ಒಂದೊಂದು ಸೀಸದ ಕಾಳು ಹೊಡೆಯುತ್ತಾರೆ. ಟಿಣ್ ಎಂದರೆ ಆಯಿತು, ಇನ್ನೊಂದು ವಾರ ನೀವು ಊರಿನಲ್ಲಿದ್ದೀರಿ. ಕೋವಿ ಹೆಗಲಿಗೇರಿಸಿಕೊಂಡು ಮನೆಗೆ ಹೋಗಿ ಚಹಾ ಕುಡಿಯಬಹುದು.

ಮೂರು ಸೋಮವಾರ ಯಾರ ಗಂಟೆ ನುಡಿಯುವುದಿಲ್ಲವೋ ಅವರು ಮರೆಗೆ ಹೋಗುತ್ತಾರೆ. ಸತ್ತರು ಎಂದಲ್ಲ. ಕಾಣುವುದಿಲ್ಲ, ಅವರ ದನಿ ಕೇಳುವುದಿಲ್ಲ, ಅಷ್ಟೆ. ಚೀಟಿ ಬರೆದಿಟ್ಟರೆ ಮಸಿ ಒಣಗುವ ಮೊದಲೇ ಅಕ್ಷರ ಮಾಯವಾಗುತ್ತದೆ. ಮನೆಯವರು ಹೊಂದಿಕೊಳ್ಳುತ್ತಾರೆ. ಊಟಕ್ಕೆ ಅವರ ತಾಟನ್ನೂ ಹಾಕುತ್ತಾರೆ, ತಿರುಗಿ ನೋಡುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಖಾಲಿ ಕುರ್ಚಿಯಲ್ಲಿ ಕೂರುವ ಮುಂಚೆ ಕೈಯಾಡಿಸಿ ನೋಡುತ್ತಾರೆ. ತಂತಿಯ ಮೇಲೆ ಯಾರೂ ಒಗೆಯದ ಧೋತರ ಒಣಗುತ್ತಿದ್ದರೆ ಯಾರೂ ಬೆರಗಾಗುವುದಿಲ್ಲ. ಮರೆಗೆ ಹೋದವರ ಕೋವಿಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದನ್ನು ಅಳತೆಮನೆಗೆ ತಂದೊಪ್ಪಿಸಬೇಕು.

ಆ ಅಳತೆಮನೆ ನನ್ನದು. ನನ್ನದೆಂದರೆ, ಸೋದರಮಾವ ನೋಡಿಕೊಳ್ಳುತ್ತಿದ್ದ ಕೆಲಸ ಅವನ ನಂತರ ನನ್ನ ಪಾಲಿಗೆ ಬಂದು ಆಗಲೇ ಹದಿನೆಂಟು ವರ್ಷವಾಗಿತ್ತು. ಹೆಸರು ಕಸ್ತೂರಿ ಎಂದಾದರೂ ಊರಿಗೆಲ್ಲ ನಾನು ಅಳತಿ ಅಕ್ಕ. ಕೆಲಸ ಸರಳವಾದದ್ದು. ತೊಲೆಯಿಂದ ಎರಡು ಸರಪಳಿಯಲ್ಲಿ ಒಂದು ಮರದ ಕೊರಡು ತೂಗುಬಿದ್ದಿದೆ, ಅದರ ಮುಖಕ್ಕೆ ಹಸಿ ಜೇಡಿಮಣ್ಣು ಮೆತ್ತಿರುತ್ತೇನೆ. ಕೋವಿಯಿಂದ ಒಂದು ಕಾಳು ಹೊಡೆದರೆ ಕೊರಡು ಹಿಂದಕ್ಕೆ ತೂಗಿ, ಪಕ್ಕದ ಹಿತ್ತಾಳೆ ಪಟ್ಟಿಯ ಮೇಲೆ ಒಂದು ಮುಳ್ಳನ್ನು ತಳ್ಳುತ್ತದೆ. ಮುಳ್ಳು ನಿಂತ ಗೆರೆಯೇ ಆ ಕೋವಿಯ ಬಲ. ಒಂಬತ್ತು ಗೆರೆಗಿಂತ ಕಡಿಮೆ ಬಂದರೆ ಕಾಳು ಕೊರಕಲು ದಾಟುವುದಿಲ್ಲ, ಹೊಸ ಸ್ಪ್ರಿಂಗ್ ಹಾಕಬೇಕು. ಹನ್ನೆರಡು ದಾಟಿದರೆ ಗಂಟೆ ಸೀಳುತ್ತದೆ, ಸ್ಪ್ರಿಂಗ್ ಕತ್ತರಿಸಬೇಕು. ಗಂಟೆ ಸೀಳಿದವರ ಮಾತು ಎರಡೆರಡಾಗಿ ಕೇಳುತ್ತದೆ. ಹಿಂದೊಬ್ಬ ಸಾಲಿಮಾಸ್ತರರಿಗೆ ಹಾಗಾಗಿ, ಅವರು ಹೇಳಿಕೊಟ್ಟ ಮಗ್ಗಿಯನ್ನು ಒಂದು ತಲೆಮಾರಿನ ಮಕ್ಕಳು ತಪ್ಪಾಗಿ ಕಲಿತರು. ಅಂದಿನಿಂದ ಮೇಲಿನ ಗೆರೆಯ ಬಗ್ಗೆ ಊರು ಬಲು ಎಚ್ಚರ. ವರ್ಷಕ್ಕೊಮ್ಮೆ, ವೈಶಾಖದಲ್ಲಿ, ಮಧ್ಯಾಹ್ನದ ಊಟ ಮುಗಿಸಿಕೊಂಡು ಎಲ್ಲರೂ ಕೋವಿ ತರುತ್ತಾರೆ. ನಾನು ಅಳೆದು, ಹಿಡಿಗೆ ಮುದ್ರೆ ಒತ್ತಿ ಕೊಡುತ್ತೇನೆ.

ಆ ವೈಶಾಖದಲ್ಲಿ ದಸ್ತಗೀರಣ್ಣ ಬಂದಾಗ ಹೊರಗೆ ಬಿಸಿಲು ಹಾಲಿನಂತೆ ಬೆಳ್ಳಗೆ ಹರಡಿತ್ತು. ಅವನದು ಚುರುಮುರಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ ಊರಿಗೆಲ್ಲ ಚುರುಮುರಿ ಕೊಡುವವನು ಅವನೊಬ್ಬನೇ. ಐವತ್ತೈದರ ಗಟ್ಟಿ ಮನುಷ್ಯ. ರೆಪ್ಪೆಯ ಮೇಲೆ ಯಾವಾಗಲೂ ಸಣ್ಣ ಬಿಳಿ ಹೊಟ್ಟು ಕೂತಿರುತ್ತಿತ್ತು. ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ.

"ತಂಗೀ, ಜಲ್ದಿ ನೋಡಿಬಿಡು. ಮರಳು ಕಾಯಾಕಿಟ್ಟು ಬಂದೇನಿ," ಅಂದ.

ಚೀಲದಿಂದ ತೆಗೆದಾಗ ನಳಿಗೆ ಎಷ್ಟು ಬೆಚ್ಚಗಿತ್ತೆಂದರೆ ನಾನು ಕೈ ಬದಲಾಯಿಸಿ ಹಿಡಿದೆ. "ಏನಣ್ಣ, ಕೋವಿಗೆ ಜ್ವರ ಬಂದಂಗೈತಿ?"

"ನಮ್ಮನ್ಯಾಗ ಎಲ್ಲಾರಿಗೂ ಜ್ವರನ," ಎಂದು ನಕ್ಕ. "ಈ ವರ್ಷ ಹೊಸ ಭಟ್ಟಿ ಕಟ್ಟಿಸೇವಲ್ಲ, ಅದರ ಹಿಂದಿನ ಗ್ವಾಡಿಗೆ ತೂಗಹಾಕೇನಿ. ತುಕ್ಕು ಹಿಡಿಯೂ ಮಾತ ಇಲ್ಲ."

ಮೂರು ಸಲ ಹೊಡೆದೆ. ಮೂರು ಸಲವೂ ಮುಳ್ಳು ಹದಿಮೂರಕ್ಕೆ ಹೋಗಿ ನಿಂತಿತು. ಮಣ್ಣಿನಿಂದ ಸಣ್ಣಗೆ ಎಣ್ಣೆ ಸುಟ್ಟ ವಾಸನೆ ಬಂದದ್ದು ನೆನಪಿದೆ.

"ಮೂವತ್ತು ವರ್ಷದಾಗ ಇದು ಹನ್ನೆರಡು ದಾಟಿಲ್ಲ ತಂಗಿ," ಅಂದ ದಸ್ತಗೀರಣ್ಣ.

"ದಾಟೇತಲ್ಲಣ್ಣ ಈಗ. ನಾಳೆ ಗಂಟಿ ಸೀಳಿದ್ರ ನೀ ಒಂದು ಸೇರು ಅಂದದ್ದು ಎಲ್ಲಾರಿಗೂ ಎರಡು ಸೇರಂತ ಕೇಳತೈತಿ."

ಅವನು ನಕ್ಕ. ನಾನು ಕೋವಿ ಬಿಚ್ಚಿ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದೆ. ಮತ್ತೆ ಹೊಡೆದಾಗ ಹನ್ನೊಂದು. ಕತ್ತರಿಸಿದ ತುಂಡನ್ನು ಅವನು ಅಂಗೈ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, "ಇರಲಿ, ನೀ ನೋಡಿ ಮಾಡಿದ್ದಂದ್ರ ಸರೀನ ಇರತೈತಿ," ಎಂದು ಬೆಂಚಿನ ಮೇಲಿಟ್ಟು ಹೊರಟುಹೋದ.

ಮಳೆಗಾಲ ಮುಗಿಯುವವರೆಗೂ ಅವನ ಗಂಟೆ ಚೆನ್ನಾಗಿಯೇ ನುಡಿಯಿತು. ಆಮೇಲೆ ಚಳಿ ಬಂತು. ಅಂಥ ಚಳಿಯನ್ನು ನಾನು ಕಂಡಿರಲಿಲ್ಲ. ಹಿತ್ತಲಿನ ಹಂಡೆಯ ನೀರಿನ ಮೇಲೆ ಬೆಳಗಾದರೆ ಹಾಲಿನ ಕೆನೆಯಂತೆ ತೆಳ್ಳಗೆ ಏನೋ ಕಟ್ಟಿರುತ್ತಿತ್ತು. ಕಟ್ಟೆಯ ಮೇಲೆ ಸರದಿ ನಿಂತವರ ಉಸಿರು ಒಂದಕ್ಕೊಂದು ಹೆಣೆದುಕೊಂಡು ಕೊರಕಲಿನೊಳಕ್ಕೆ ಇಳಿಯುತ್ತಿತ್ತು. ದಸ್ತಗೀರಣ್ಣನ ಸರದಿ ಕೊನೆಕೊನೆಗೆ ಬರುವುದು. ಅಷ್ಟು ಹೊತ್ತು ಕೋವಿ ಕಲ್ಲಿನ ಮೇಲೆ ಬಿದ್ದಿರುತ್ತಿತ್ತು. ಮೊದಲ ಸೋಮವಾರ ಅವನು ಹೊಡೆದಾಗ ಗಂಟೆ ನುಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೊರಕಲಿನ ಆಳದಿಂದ, ಕಾಳು ಕಲ್ಲಿಗೆ ಬಿದ್ದ ಸದ್ದು ಚಟ್ ಎಂದು ಕೇಳಿತು. ಯಾರೋ ಕೆಮ್ಮಿದರು. ಎರಡನೆಯ ಸೋಮವಾರವೂ ಹಾಗೆಯೇ. ಮೂರನೆಯ ಸೋಮವಾರ ಅವನು ಕೋವಿ ಇಳಿಸುವಷ್ಟರಲ್ಲೇ ಅವನ ಅಂಗಿಯ ಮೂಲಕ ಹಿಂದಿನ ಬೇವಿನ ಮರ ಕಾಣತೊಡಗಿತ್ತು. ಅವನು ನನ್ನ ಕಡೆಗೆ ತಿರುಗಿ ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಮಾತು ಬರಲಿಲ್ಲ. ಆಮೇಲೆ ಬೇವಿನ ಮರವಷ್ಟೇ ಉಳಿಯಿತು. ಕಲ್ಲಿನ ಮೇಲೆ ಕೋವಿ ಇತ್ತು.

ಊರಿನವರು ವಯಸ್ಸಾಯಿತು ಎಂದರು. ಮಾರನೆಯ ದಿನ ಭಟ್ಟಿಯ ಮುಂದೆ ಎಂದಿನಂತೆ ಚುರುಮುರಿ ರಾಶಿ ಬಿದ್ದಿತ್ತು. ಜಾಲರಿ ತಾನೇ ಅಲ್ಲಾಡುತ್ತಿತ್ತು, ಮರಳು ತಾನೇ ಸೋರುತ್ತಿತ್ತು. ಜನ ಚೀಲ ತುಂಬಿಸಿಕೊಂಡು, ಗಾಳಿಗೆ ಒಂದು ನಮಸ್ಕಾರ ಹೇಳಿ ಹೋಗುತ್ತಿದ್ದರು.

ಬುಧವಾರ ಮಧ್ಯಾಹ್ನ ಅವನ ಹೆಂಡತಿ ಮಾಬೂಬಿ ಕೋವಿ ಒಪ್ಪಿಸಲು ಬಂದಳು. ಬೆಂಚಿನ ಮೇಲಿಟ್ಟಳು, ಆದರೆ ಕೈ ತೆಗೆಯಲಿಲ್ಲ.

"ಕಾಯ್ದೆ ಪ್ರಕಾರ ತಂದೇನಿ. ಆದ್ರ ಒಂದು ಮಾತು ಕೇಳ್ತೇನಿ ಕಸ್ತೂರಿ. ಇದು ಮನ್ಯಾಗ ಹುಲಿ, ಕಟ್ಟಿ ಮ್ಯಾಲ ಇಲಿ. ಯಾಕ?"

"ಅಂದ್ರ, ವೈನಿ?"

"ಎರಡು ವಾರ ತಪ್ಪಿದ ಮ್ಯಾಲೆ ಇವ್ರು ಮನ್ಯಾಗ ಭಟ್ಟಿ ಮುಂದ ಕುಂತು ಹೊಡದು ನೋಡಿದ್ರು. ತಗಡಿನ ಡಬ್ಬಿ ತೂತು ಬಿದ್ದು ಆ ಕಡೆ ಹೋತು ಕಾಳು. ಅದ ಕೋವಿ, ಅದ ಕೈ. ಕಟ್ಟಿಗೆ ಬಂದ್ರ ಯಾಕ ಸಾಯತೈತಿ?"

"ವಯಸ್ಸಾತಲ್ಲ ವೈನಿ. ಕಣ್ಣು ಮಂಜಾಗಿರಬೇಕು."

"ಕಣ್ಣು ಮಂಜಾದ್ರ ಗುರಿ ತಪ್ಪತೈತಿ," ಅಂದಳು ಮಾಬೂಬಿ. "ಕಾಳು ನಡುದಾರ್ಯಾಗ ಬೀಳತೈತೇನು?"

 ನನಗೆ ಗೊತ್ತಿದ್ದ ಕೆಲಸ ಒಂದೇ, ಅಳೆಯುವುದು. ಕಿಟಕಿಯಿಂದ ಬಿಸಿಲು ಬಂದು ಬೆಂಚೆಲ್ಲ ಬೆಚ್ಚಗಾಗಿತ್ತು. ಹೊಡೆದೆ. ಹತ್ತು ಗೆರೆ. "ನೋಡ್ರಿ ವೈನಿ, ಹತ್ತು. ಕೋವಿ ಸರಿ ಐತಿ."

"ಹಂಗಾದ್ರ ನಿನ್ನ ಕೊರಡರ ಸುಳ್ಳು ಹೇಳಾಕತ್ತೈತಿ, ಇಲ್ಲಾ ಆ ಕಟ್ಟಿಯರ ಸುಳ್ಳು ಹೇಳಾಕತ್ತೈತಿ." ಸೆರಗು ಹೊದ್ದುಕೊಂಡು ಎದ್ದಳು. ಹೊಸ್ತಿಲು ದಾಟುವಾಗ ಬಾಗಿಲನ್ನು ಒಂದು ಕೈಯಿಂದ ಹಿಡಿದು, ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟಂತೆ ನಿಂತಳು. "ನಡೀರಿ," ಅಂದಳು. ಕಾದಳು. ಒಳಗಿನಿಂದ ಯಾರಾದರೂ ಹೊರಗೆ ಹೋದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಗಿಲು ಹಾಕಿಕೊಂಡಿತು.

ಮಾಬೂಬಿಯ ಮಾತು ಅಕ್ಕಿಯಲ್ಲಿನ ಕಲ್ಲಿನಂತೆ ನನ್ನ ಹಲ್ಲಿಗೆ ಸಿಕ್ಕಿಕೊಂಡಿತು. ಮರುದಿನ ಬೆಳಕು ಮೂಡುತ್ತಲೇ ಅಳತೆಮನೆಗೆ ಹೋದೆ. ಹದಿನೆಂಟು ವರ್ಷದಲ್ಲಿ ಅಷ್ಟು ಬೇಗ ಆ ಬಾಗಿಲು ತೆರೆದದ್ದು ಅದೇ ಮೊದಲು. ಕೋವಿ ಹಿಂದಿನ ದಿನ ಬಿಟ್ಟಲ್ಲೇ ಕಲ್ಲುಬೆಂಚಿನ ಮೇಲೆ ಮಲಗಿತ್ತು. ಮುಟ್ಟಿದರೆ ಬೆರಳು ಅಂಟುವಷ್ಟು ತಣ್ಣಗೆ. ಸ್ಪ್ರಿಂಗ್ ಬಿಗಿಯಲು ನಳಿಗೆಯನ್ನು ನಡುವಿನ ಕೀಲಿನಲ್ಲಿ ಮಡಿಚಿ, ಕಾಳಿಟ್ಟು ಹೊಡೆದೆ. ಕೊರಡು ನಿದ್ದೆಗಣ್ಣಿನಲ್ಲಿ ಮಗ್ಗಲು ಬದಲಿಸಿದಂತೆ ಕೊಂಚ ಅಲುಗಿತು. ಮುಳ್ಳು ಎಂಟಕ್ಕೆ ನಿಂತಿತು.

ಮತ್ತೆ ಹೊಡೆದೆ. ಎಂಟು. ಅಲ್ಲೇ ಕೂತು ಬಿಸಿಲು ಕಿಟಕಿಗೆ ಬರುವುದನ್ನು ಕಾದೆ. ಹತ್ತೂವರೆ ಗಂಟೆಗೆ ಹೊಡೆದಾಗ ಒಂಬತ್ತು ಗೆರೆ, ಊಟದ ಹೊತ್ತಿಗೆ ಹತ್ತು. ಮನೆಗೊಯ್ದು ಒಲೆಯ ಪಕ್ಕದಲ್ಲಿ ಒಂದು ತಾಸು ಇಟ್ಟು, ಸೆರಗಿನಲ್ಲಿ ಸುತ್ತಿ ಓಡಿ ಬಂದು ಹೊಡೆದೆ. ಹನ್ನೊಂದರ ಮೇಲೆ. ಕೋವಿ ಒಂದೇ, ಕಾಳು ಒಂದೇ, ಕೊರಡು ಒಂದೇ. ಬದಲಾದದ್ದು ಬಿಸಿ ಮಾತ್ರ.

ಐದು ದಿನ ನಾನು ಬೇರೇನೂ ಮಾಡಲಿಲ್ಲ. ನನ್ನ ಸ್ವಂತ ಕೋವಿಯನ್ನೂ ತಂದೆ. ಚಳಿಗೆ ಒಳಗಿನ ಗ್ರೀಸು ಬೆಲ್ಲದ ಪಾಕ ಕಟ್ಟಿದ ಹಾಗೆ ಗಟ್ಟಿಯಾಗಿ ಸ್ಪ್ರಿಂಗಿನ ಕಾಲು ಹಿಡಿಯುತ್ತಿತ್ತು. ಚರ್ಮದ ವಾಷರು ಸೆಟೆದುಕೊಂಡು ಗಾಳಿ ಸೋರಿಬಿಡುತ್ತಿತ್ತು. ಬಿಸಿಗೆ ಅದೇ ಗ್ರೀಸು ನೀರಾಗಿ ಸ್ಪ್ರಿಂಗಿನ ದಾರಿ ಸಡಿಲವಾಗುತ್ತಿತ್ತು, ಎಣ್ಣೆ ಒಂದಿಷ್ಟು ಸುಟ್ಟು ಹೊಗೆಯಾಗಿ ಕಾಳನ್ನು ಇನ್ನೂ ಜೋರಾಗಿ ನೂಕುತ್ತಿತ್ತು. ಮೂಲೆಯಲ್ಲಿ ನಳಿಗೆ ಮೇಲಾಗಿ ನಿಲ್ಲಿಸಿಟ್ಟ ಕೋವಿಯಲ್ಲಿ ಎಣ್ಣೆ ಕೆಳಗಿಳಿದು, ಮೊದಲ ಏಟು ಪಟಾಕಿಯಂತೆ ಸಿಡಿದು ಹದಿನಾಲ್ಕು ತೋರಿಸಿತು. ನಾಲ್ಕನೆಯ ಏಟಿಗೆ ಅದೇ ಕೋವಿ ಹತ್ತಕ್ಕೆ ಇಳಿಯಿತು. ಮಡಿಚಿದ ಸ್ಥಿತಿಯಲ್ಲೇ ಎರಡು ದಿನ ಬಿಟ್ಟ ಕೋವಿಯ ಸ್ಪ್ರಿಂಗ್ ಸೋತು ಒಂದು ಗೆರೆ ಕಳೆದುಕೊಂಡಿತು. ಮಲಗಿಸಿಟ್ಟದ್ದು, ನಿಲ್ಲಿಸಿಟ್ಟದ್ದು, ಒಲೆಯ ಹತ್ತಿರ ಇಟ್ಟದ್ದು, ಕಿಟಕಿಯ ಹತ್ತಿರ ಇಟ್ಟದ್ದು, ಒಂದೊಂದೂ ಒಂದೊಂದು ಗೆರೆ ಹೇಳಿತು. ನಾನು ಕೋವಿಯ ಬಲವನ್ನು ಅಳೆಯುತ್ತಿದ್ದೇನೆಂದು ತಿಳಿದಿದ್ದೆ. ಅಳೆದದ್ದು ಅವು ಬಂದ ಮನೆಗಳನ್ನು.

ಆ ಐದು ದಿನವೂ ಅಳತೆಮನೆಯಲ್ಲಿ ಸಣ್ಣಗೆ ಹುರಿದ ಅಕ್ಕಿಯ ವಾಸನೆ ಇತ್ತು. ಗೋಣಿಚೀಲದ್ದಿರಬೇಕು ಅಂದುಕೊಂಡೆ.

ಐದನೆಯ ದಿನ ಒಳಕೋಣೆಯ ಬಾಗಿಲು ತೆರೆದೆ. ಮರೆಗೆ ಹೋದವರ ಕೋವಿಗಳು ಅಲ್ಲಿ ಗೋಡೆಗೆ ಸಾಲಾಗಿ ಒರಗಿದ್ದವು, ಒಂದೊಂದರ ಕೊರಳಿಗೂ ಹೆಸರಿನ ಚೀಟಿ. ನನ್ನ ಕಾಲದವು ಇಪ್ಪತ್ತೆರಡು. ದಸ್ತಗೀರಣ್ಣನದು ಸೇರಿದರೆ ಇಪ್ಪತ್ತಮೂರು. ದಫ್ತರು ತೆಗೆದು ಹೆಸರು ಹೆಸರಾಗಿ ನೋಡಿದೆ. ಇಪ್ಪತ್ತಮೂರರಲ್ಲೂ ನಾನೇ ಸ್ಪ್ರಿಂಗ್ ಕತ್ತರಿಸಿದ್ದೆ. ಅಷ್ಟೂ ಜನ ಮರೆಗೆ ಹೋದದ್ದು ಚಳಿಗಾಲದಲ್ಲಿ. ವಯಸ್ಸಾಯಿತು ಎಂದಿದ್ದೆವು, ಕೈ ನಡುಗುತ್ತದೆ ಎಂದಿದ್ದೆವು. ಒಬ್ಬಳಿಗೆ ಇಪ್ಪತ್ತಾರು ವರ್ಷ. ಅವಳಿಗೆ ಮನಸ್ಸು ಎಲ್ಲೋ ಇದೆ ಎಂದಿದ್ದೆವು. ನಾನು ಕೊರಡನ್ನು ಹಿಡಿದುಕೊಂಡು, ಅದರ ಹಸಿ ಮಣ್ಣಿಗೆ ಹಣೆಯೂರಿ ಅತ್ತೆ.

ಮರುದಿನ ಹಿರಿಯರ ಚಾವಡಿಗೆ ಹೋದೆ. ಐವರು ಕೂತಿದ್ದರು, ನಡುವೆ ಬಾಪುಗೌಡರು. ಎಪ್ಪತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ನಡೆದದ್ದೆಲ್ಲವನ್ನೂ ಹೇಳಿದೆ.

"ಹದಿನೆಂಟು ವರ್ಷ ಸರಿ ಇದ್ದದ್ದು ಈಗ ತಪ್ಪಾತೇನು?" ಎಂದು ಒಬ್ಬ ಹಿರಿಯರು ಸಿಡುಕಿದರು.

"ಹದಿನೆಂಟು ವರ್ಷನೂ ತಪ್ಪ ಇತ್ರಿ. ತಪ್ಪು ಕೋವಿದಲ್ಲ, ನಂದು. ಬ್ಯಾಸಿಗಿ ಮಧ್ಯಾಹ್ನದಾಗ ಅಳದೇನಿ. ನೀವು ಹೊಡಿಯೂದು ಮುಂಜಾನಿ ಥಂಡ್ಯಾಗ. ಇನ್ನ ಮ್ಯಾಲೆ ಕೊರಡು ಕಟ್ಟಿ ಮ್ಯಾಲ ತೂಗಹಾಕ್ತೇನಿ. ಕೋವಿ ಹಿಂದಿನ ದಿನನ ತಂದು ಅಲ್ಲೇ ಮಲಗಿಸಿ ಇಡ್ರಿ. ವರ್ಷಕ್ಕ ಎರಡು ಸಲ, ಬ್ಯಾಸಿಗ್ಯಾಗೊಮ್ಮೆ ಚಳಿಗಾಲದಾಗೊಮ್ಮೆ, ಹೊಡಿಯೂ ಹೊತ್ತಿನ್ಯಾಗನ ಅಳೀತೇನಿ. ಮತ್ತ ಆ ಇಪ್ಪತ್ತಮೂರು ಕೋವಿಗೆ ಹೊಸ ಸ್ಪ್ರಿಂಗ್ ಹಾಕಿ, ಒಡೆಯರ ಕೈಗೆ ಇನ್ನೊಮ್ಮೆ ಕೊಡಾಕ ನೀವು ಹೂಂ ಅನ್ನಬೇಕು."

"ಮರೆಗೆ ಹೋದವ್ರ ಕೈಗೆ? ಹಂಗ ಯಾವತ್ತೂ ಆಗಿಲ್ಲ," ಎಂದರು ಅದೇ ಹಿರಿಯರು.

"ಕೊಟ್ಟು ನೋಡಿಲ್ರಿ."

 ಬಾಪುಗೌಡರು ತಮ್ಮ ಕೋಲಿನ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದರು. ಆಮೇಲೆ ಅದನ್ನು ಅಳಿಸಿದರು.

"ಒಳಗ ನಮ್ಮಾಕಿ ಕೋವಿನೂ ಐತಿ ಅಲ್ಲ?" ಎಂದು ಕೇಳಿದರು.

ಅವರ ಹೆಂಡತಿ ಸೂಗಮ್ಮ ಮರೆಗೆ ಹೋಗಿ ನಾಲ್ಕು ಚಳಿಗಾಲವಾಗಿತ್ತು. "ಐತ್ರಿ," ಎಂದೆ.

"ಅದನ್ನೂ ನೀನ ಕತ್ತರಿಸಿದ್ದೇನು?"

"ಹೌದ್ರಿ. ಒಲಿ ಮ್ಯಾಲಿನ ಅಟ್ಟದಾಗ ಇಟ್ಟಿದ್ದೆ ಅಂತ ಅಮ್ಮಾರು ಅಂದಿದ್ರು. ನನಗ ಅವಾಗ ತಿಳೀಲಿಲ್ಲ."

ಗೌಡರು ನನ್ನ ಕಡೆಗೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. "ಹಾಕು ಸ್ಪ್ರಿಂಗ್," ಎಂದಷ್ಟೇ ಹೇಳಿ ಎದ್ದರು.

ಎರಡು ವಾರ ಬೇಕಾಯಿತು. ಕೊರಡನ್ನು ಕಟ್ಟೆಯ ಮೇಲಿನ ಬೇವಿನ ಕೊಂಬೆಗೆ ತೂಗುಹಾಕಿ, ದಿನಾ ನಸುಕಿನಲ್ಲಿ ಎರಡೆರಡು ಕೋವಿ ಅಳೆದೆ. ಗಟ್ಟಿ ಗ್ರೀಸು ಒರೆಸಿ ತೆಗೆದೆ, ವಾಷರುಗಳಿಗೆ ಎಣ್ಣೆ ಕುಡಿಸಿದೆ, ಹೊಸ ಸ್ಪ್ರಿಂಗು ಕೂರಿಸಿದೆ. ಈ ಸಲ ತಪ್ಪಬಾರದೆಂದು, ಆ ಚಳಿಯಲ್ಲೂ ಹತ್ತು ಗೆರೆಗೆ ಕಡಿಮೆ ಬಂದ ಒಂದನ್ನೂ ಒಪ್ಪಲಿಲ್ಲ. ಗೌಡರು ಡಂಗುರ ಹೊಡೆಸಿದರು. ಡಂಗುರದವನು ಚಾವಡಿಯ ಮುಂದೆ ಮಾತ್ರವಲ್ಲ, ಖಾಲಿ ಜಗಲಿಗಳ ಮುಂದೆ, ಯಾರೂ ಕೂರದ ಆಲದ ಬೇರಿನ ಹತ್ತಿರ, ಬಾವಿಕಟ್ಟೆಯ ಮಗ್ಗುಲಲ್ಲಿ ನಿಂತು ಗಾಳಿಗೆ ಕೂಗಿ ಹೇಳಿದ. ಮನೆಮನೆಗಳಲ್ಲಿ ಹೆಂಡಂದಿರು, ಮಕ್ಕಳು ತಾಟಿನ ಮುಂದಿನ ಖಾಲಿ ಮಣೆಗೆ ಹೇಳಿದರು.

ಸೋಮವಾರ ಇಪ್ಪತ್ತಮೂರು ಕೋವಿಗಳನ್ನು ಕಟ್ಟೆಯ ಗೋಡೆಯ ಮೇಲೆ ಸಾಲಾಗಿ ಮಲಗಿಸಿದೆ, ಪ್ರತಿಯೊಂದರ ಪಕ್ಕ ಒಂದು ಸೀಸದ ಕಾಳು. ಊರು ಹಿಂದೆ ಸರಿದು ನಿಂತಿತು. ಮಂಜು ಕೊರಕಲಿನ ಬಾಯಿವರೆಗೆ ತುಂಬಿ, ಎದುರುಗುಡ್ಡ ಮೋಡದ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಬಹಳ ಹೊತ್ತು ಯಾವ ಗಂಟೆಯೂ ನುಡಿಯಲಿಲ್ಲ. ಆಮೇಲೆ ಸಾಲಿನ ಕೊನೆಯ ಕೋವಿ ತಾನೇ ಮೇಲೆದ್ದಿತು. ನಳಿಗೆ ಮಡಿಚಿಕೊಂಡಿತು, ಕಾಳು ನುಂಗಿತು, ನೆಟ್ಟಗಾಯಿತು, ಗಾಳಿಯಲ್ಲಿ ಒಂದು ಭುಜಕ್ಕೆ ಒರಗಿದಂತೆ ನಿಂತಿತು.

ಟಿಣ್.

ಕೋವಿಯ ಹಿಂದೆ ಮೊದಲು ಗಡ್ಡ ಬಂತು, ಆಮೇಲೆ ರೆಪ್ಪೆಯ ಮೇಲಿನ ಹೊಟ್ಟು, ಆಮೇಲೆ ದಸ್ತಗೀರಣ್ಣ ಪೂರ್ತಿಯಾಗಿ. ಮಾಬೂಬಿ ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟು, "ಏನ್ ಗಡ್ಡರೀ ಇದು! ಕನ್ನಡಿ ಇರಲಿಲ್ಲೇನು ಮನ್ಯಾಗ?" ಎಂದು ಬೈದಳು. ಬೈಯುತ್ತಲೇ ಸೆರಗಿನ ತುದಿಯಿಂದ ಅವನ ರೆಪ್ಪೆಯ ಹೊಟ್ಟು ಒರೆಸಿದಳು. "ಕನ್ನಡ್ಯಾಗ ನಾ ಕಾಣಬೇಕಲ್ಲ," ಅಂದ ಅವನು.

ಒಂದೊಂದಾಗಿ ಕೋವಿಗಳು ಎದ್ದವು. ಗಂಟೆಗಳು ನುಡಿದವು. ಇಪ್ಪತ್ತಾರರ ಆ ಹುಡುಗಿ ಈಗ ಮೂವತ್ತೊಂದರವಳಾಗಿ ತನ್ನ ತಂಗಿಯ ಎದುರು ನಿಂತಳು. ತಂಗಿ, ತಾನು ಅಕ್ಕನ ಸೀರೆ ಉಟ್ಟದ್ದಕ್ಕೆ ನಾಚಿ, ಸೆರಗು ಹೊದ್ದುಕೊಂಡಳು. ಹದಿನೇಳು ಗಂಟೆ ನುಡಿದದ್ದನ್ನು ನಾನು ಎಣಿಸಿದೆ. ಐದು ಕೋವಿ ಮಲಗಿದಲ್ಲೇ ಮಲಗಿದ್ದವು. ಆ ಮನೆಗಳವರು ಏನೂ ಕೇಳಲಿಲ್ಲ. ತಮ್ಮವರ ತಾಟಿನ ಊಟ ಮುಟ್ಟದೆ ಹಾಗೇ ಉಳಿಯತೊಡಗಿ ಎಷ್ಟು ದಿನವಾಗಿತ್ತೆಂದು ಅವರಿಗೆ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೆ. ಅವರು ಬಂದು ಕೋವಿಗಳನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು. ಅವರ ಮುಖ ನೋಡಲು ನನಗೆ ಇವತ್ತಿಗೂ ಧೈರ್ಯ ಸಾಲದು.

ದಸ್ತಗೀರಣ್ಣ ನನ್ನ ಹತ್ತಿರ ಬಂದು ನಿಂತ. ನಾನು, "ಅಣ್ಣ, ನಂದ ತಪ್ಪು," ಎಂದೆ.

"ಗೊತ್ತೈತಿ. ಐದು ದಿನ ನಿನ್ನ ಮಗ್ಗಲದಾಗ ಕುಂತು ನೋಡೇನಿ. ಕೊರಡಿಗೆ ಹಣಿ ಹಚ್ಚಿ ಅತ್ತದ್ದನ್ನೂ ನೋಡೇನಿ," ಅಂದ.

"ಸಿಟ್ಟೈತೇನು?"

 "ಐತಿ. ಆದ್ರ ಅರ್ಧ," ಅಂದ. "ಉಳಿದರ್ಧ ಆ ಮಣ್ಣಿನ್ಯಾಗ ಹೋತು." ಆಮೇಲೆ ಹೆಂಡತಿಯ ಹಿಂದೆ ನಡೆದ.

ಇಪ್ಪತ್ತಮೂರರಲ್ಲಿ ಒಂದು ಉಳಿದಿತ್ತು, ಸೂಗಮ್ಮನದು. ಅದು ಎಲ್ಲಕ್ಕಿಂತ ಮೊದಲೇ ಎದ್ದಿತ್ತು, ನಾನು ನೋಡಿದ್ದೆ. ನಳಿಗೆ ಒಂದಿಷ್ಟು ಬಾಗಿ, ನಡುಗಿ, ಮತ್ತೆ ನೆಟ್ಟಗಾಗಿ, ಮೆಲ್ಲಗೆ ಗೋಡೆಯ ಮೇಲೆ ಮಲಗಿಬಿಟ್ಟಿತ್ತು. ಗೌಡರು ಬಿಸಿಲು ಬಂಡೆಗೆ ತಾಗುವವರೆಗೂ ನಿಂತಿದ್ದರು. "ಆಕಿಗೆ ಬರೂ ಮನಸ್ಸಿಲ್ಲ," ಎಂದು ಯಾರಿಗೂ ಅಲ್ಲದಂತೆ ಹೇಳಿ ಹೋದರು. ಊರೂ ಹಾಗೆಯೇ ತಿಳಿಯಿತು. ಆ ಮನೆಯ ಬಗ್ಗೆ ತಲೆಗೊಂದು ಮಾತು ಹುಟ್ಟಿತು.

ಮುಂದಿನ ಸೋಮವಾರ ಗೌಡರು ಮತ್ತೆ ಬಂದರು. ಎಲ್ಲರ ಸರದಿ ಮುಗಿದ ಮೇಲೆ ಸೂಗಮ್ಮನ ಕೋವಿಯನ್ನು ಗೋಡೆಯ ಮೇಲಿಟ್ಟು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಐವತ್ತು ವರ್ಷ ಚಾವಡಿಯಲ್ಲಿ ಪರರ ತಪ್ಪು ಕೇಳಿದ ಆ ಮನುಷ್ಯ ಅವತ್ತು ಊರೆದುರು ಖಾಲಿ ಗಾಳಿಗೆ ಮಾತಾಡಿದರು.

"ಮೂರು ವಾರ ನೀ ಹೊಡದಿ. ನಾ ಹಿಂದ ನಿಂತು ನೋಡಿದೆ. ಕಾಳು ನಡುದಾರ್ಯಾಗ ಬೀಳೂದು ನನಗೂ ಕೇಳಸ್ತು. ಕೋವಿ ಇನ್ನೊಮ್ಮೆ ಅಳಸ್ರಿ ಅಂತ ಒಂದು ಮಾತು ಅನ್ನಬೇಕಿತ್ತು ನಾ. ಗೌಡನ ಹೆಂಡ್ತಿಗೊಂದು ಕಾಯ್ದೆ, ಊರಿಗೊಂದು ಕಾಯ್ದೆ ಅಂತಾರ ಅಂತ ಹೆದರಿ ಬಾಯಿ ಮುಚ್ಚಿಕೊಂಡು ಕುಂತೆ. ನಾಕು ವರ್ಷ ನೀ ಬಡಿಸಿದ್ದು ಉಂಡು, ಎದ್ದು ಬಂದು, ಇಲ್ಲಿ ನ್ಯಾಯ ಹೇಳೇನಿ. ನಿನ್ನ ಸಿಟ್ಟು ಸರಿ ಐತಿ."

ಕೋವಿ ಎದ್ದಿತು.  ನಳಿಗೆ ಬಾಗಿತು, ನಡುಗಿತು, ಇನ್ನಷ್ಟು ಬಾಗಿತು, ಠಪ್ ಎಂದು ಹಿಂದಕ್ಕೆ ಚಿಮ್ಮಿತು. ಮತ್ತೆ ಮಲಗಿತು. ಗೌಡರು ಕಲ್ಲಿನ ಮೇಲೆ ಕೂತರು.

ನಾನು ಹೋಗಿ ಕೋವಿಯನ್ನು ಎತ್ತಿಕೊಂಡೆ. ಹಿಡಿಯ ಮೇಲೆ ಇನ್ನೂ ಎರಡು ಅಂಗೈಯ ಬೆವರಿನ ಗುರುತು ಆರುತ್ತಿತ್ತು. ಅಂಥ ಚಳಿಯಲ್ಲಿ ಬೆವರು. ನಳಿಗೆ ಹಿಡಿದು ಮಡಿಚಲು ನೋಡಿದೆ. ದಿನಾ ಹತ್ತು ಕೋವಿ ಮಡಿಚುವ ನನ್ನ ಕೈಗೇ ಅದು ಮೊಣಕಾಲಿನ ಮೇಲಿಟ್ಟು ಒತ್ತಿದ ಮೇಲೆ ಬಾಗಿತು. ಹೊಸ ಸ್ಪ್ರಿಂಗು, ಅದರ ಮೇಲೆ ಚಳಿ. ಸೂಗಮ್ಮನ ಮಣಿಕಟ್ಟುಗಳು ನೆನಪಾದವು. ಬಳೆ ಎಷ್ಟು ಸಣ್ಣದು ತಂದರೂ ಸಡಿಲವಾಗುತ್ತಿದ್ದ ಮಣಿಕಟ್ಟು. ಹತ್ತು ಗೆರೆ ಬೇಕೆಂದು ಹಟ ಹಿಡಿದು ಸ್ಪ್ರಿಂಗ್ ಹಾಕಿದ್ದೆ. ಅದನ್ನು ಮಡಿಚುವವರು ಯಾರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಗೌಡ್ರ, ಮನಸ್ಸಿಲ್ಲ ಅಂತಲ್ರಿ," ಎಂದೆ. "ಕೈಲೆ ಆಗವಲ್ದು ಅಮ್ಮಾರಿಗೆ. ಭಾಳ ಬಿಗಿ ಹಾಕೇನಿ ನಾ."

ಅವರು ತಲೆಯೆತ್ತಿದರು. "ಸ್ಪ್ರಿಂಗ್ ಸಡ್ಲ ಮಾಡು ಮತ್ತ."

"ಸಡ್ಲ ಮಾಡಿದ್ರ ಕಾಳು ಮುಟ್ಟೂದಿಲ್ರಿ. ಕಾಳು ಹಾರಿಸೂ ಕುದುರಿ ಮಾತ್ರ ಒಡೆಯರ ಎಳೀಬೇಕು ಅಂತೈತಿ ಕಾಯ್ದೆ. ನಳಿಗಿ ಯಾರು ಮಡಚಬೇಕು ಅಂತ ಎಲ್ಲೂ ಹೇಳಿಲ್ಲ."

ಬಾಪುಗೌಡರು ಎದ್ದರು. ಬಿಸಿಲು ಆಗಲೇ ಎದುರುಗುಡ್ಡದ ನೆತ್ತಿಗೆ ಬಂದು, ಗಂಟೆಗಳ ಕಡೆಗೆ ಇಳಿಯುತ್ತಿತ್ತು. ಅವರು ಕೋವಿಯನ್ನು ನನ್ನಿಂದ ತೆಗೆದುಕೊಂಡು, ಹಿಡಿಯನ್ನು ತೊಡೆಗೆ ಊರಿ, ಎರಡೂ ಕೈಯಿಂದ ನಳಿಗೆಯನ್ನು ಒತ್ತಿದರು. ಮೊದಲ ಸಲ ಆಗಲಿಲ್ಲ. ಯಾರೋ ಮುಂದೆ ಬಂದರು, ಅವರನ್ನು ಕಣ್ಣಿನಲ್ಲೇ ತಡೆದರು. ಎರಡನೆಯ ಸಲ ಕೊರಳಿನ ನರ ಉಬ್ಬಿ, ಕಟಕ್ ಎಂದು ಕೂತಿತು. ಕಾಳಿಟ್ಟು, ನಳಿಗೆ ನೆಟ್ಟಗೆ ಮಾಡಿ, ಎರಡು ಅಂಗೈಯ ಮೇಲೆ ಕೋವಿಯನ್ನು ಗಾಳಿಗೆ ನೀಡಿದರು. ಭಾರ ಅವರ ಕೈಯಿಂದ ಇಳಿದದ್ದನ್ನು ನಾನು ಅವರ ಭುಜದಲ್ಲಿ ಕಂಡೆ.

ಗಂಟೆ ನುಡಿಯಿತು. ನಾಲ್ಕು ವರ್ಷ ಹೊಡೆಯದೆ ಇದ್ದದ್ದಕ್ಕೋ ಏನೋ, ಮೊದಲು ಸ್ವಲ್ಪ ಗೊಗ್ಗರಾಗಿ, ಆಮೇಲೆ ಶುಭ್ರವಾಗಿ.

ಸೂಗಮ್ಮ ಕಟ್ಟೆಯ ಅಂಚಿನಲ್ಲಿ ನಿಂತಿದ್ದಳು, ಕಪ್ಪು ಅಂಚಿನ ಇಳಕಲ್ ಸೀರೆಯುಟ್ಟು, ಒಂದು ಕೈಯಲ್ಲಿ ಕೋವಿ ಹಿಡಿದು, ಇನ್ನೊಂದು ಕೈಯಿಂದ ನೋಯುವ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ. ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವರ ಕೈಯಲ್ಲಿದ್ದ ರುಮಾಲು ನೆಲಕ್ಕೆ ಬಿದ್ದಿತ್ತು. ಬಾಗಿ ಅದನ್ನೆತ್ತಿ, ಧೂಳು ಕೊಡವಿ, ಅವರ ಕೈಗಿಟ್ಟಳು.

"ಇಷ್ಟು ಕೆಲಸಕ್ಕ," ಅಂದಳು, "ನಾಕು ವರ್ಷ ಬೇಕಾತೇನ್ರಿ ನಿಮಗ?"